ಬೆಂಕಿ ಕಾಣದ ಫಲಕ

ಮಧ್ಯಾಹ್ನದ ನಿದ್ದೆ ಮುಗಿಸಿ ಫೆಂಗ್ ಗುರುಗಳು ಚಿತ್ರದ ಕೋಣೆಯ ಬಾಗಿಲು ತೆರೆದಾಗ ಎರಡೂವರೆ ಗಂಟೆ. ಮೂರು ಪಿಂಗಾಣಿ ಫಲಕಗಳು ಗೋಡೆಗೆ ಒರಗಿದ್ದವು. ನಾಲ್ಕನೆಯದು ಕಿಟಕಿಯ ಪಕ್ಕದ ಮೇಜಿನ ಮೇಲಿರಬೇಕಿತ್ತು. ಮೇಜು ಖಾಲಿಯಿತ್ತು.

ಮೂರು ಗಂಟೆಗೆಲ್ಲ ಠಾಣೆಯಿಂದ ಛಾವೊ ರುಯಿಲಾನ್ ಬಂದಳು. ಐವತ್ತೊಂದು ವರ್ಷದ ಇನ್ಸ್‌ಪೆಕ್ಟರ್. ಹಿಂದೆಯೇ ಪೇದೆ ಹಾನ್. ನಿವೃತ್ತಿಗೆ ಎರಡು ವರ್ಷ ಬಾಕಿ, ವಯಸ್ಸಿನಲ್ಲಿ ಹಿರಿಯನಾದರೂ ಅವಳನ್ನು ಅಕ್ಕ ಅಂತಲೇ ಕರೆಯುವವನು, ಕೈಯಲ್ಲಿ ಅರ್ಧ ತಿಂದ ಖಾರದ ಕಡುಬು.

"ಅದನ್ನ ಹೊರಗೇ ಮುಗಿಸಿ ಬಾ. ಎಣ್ಣೆ ಕೈ ಒಳಗೆ ಬೇಡ," ಅಂದಳು ರುಯಿಲಾನ್.

"ಕಳ್ಳನ ಕೈ ಬಿಟ್ಟು ನನ್ನ ಕೈ ಹಿಡೀತೀರಲ್ಲಕ್ಕ," ಎಂದು ಗೊಣಗುತ್ತ ಹಾನ್ ಮೆಟ್ಟಿಲ ಮೇಲೆ ಕೂತ.

"ಕಳ್ಳ ಅಲ್ಲ, ಕಳ್ಳಿ," ಎಂದರು ಫೆಂಗ್ ಗುರುಗಳು ಒಳಗಿನಿಂದ. ಎಪ್ಪತ್ತನಾಲ್ಕು ವರ್ಷ. ಕಿವಿ ಮಂದ, ಹಾಗಾಗಿ ದನಿ ಜೋರು. "ಹೆಸರು ತಾವೊ ಲಿಂಗ್. ಬರ್ಕೊಳ್ಳಿ. ನನ್ನ ಹತ್ರ ಬಣ್ಣ ತುಂಬೋ ಹೆಂಗಸು. ಹನ್ನೊಂದು ಗಂಟೆಗೆ ಜಗಳ ಆಡಿ ಹೋದಳು. ಬೀಗದ ಇನ್ನೊಂದು ಕೈ ಅವಳ ಹತ್ರಾನೇ ಇದೆ."

ರುಯಿಲಾನ್ ಬರೆದುಕೊಳ್ಳಲಿಲ್ಲ. ಮೊದಲು ಮೂರು ಫಲಕಗಳನ್ನು ನೋಡಿದಳು. ಒಂದೊಂದೂ ಎರಡಡಿ ಎತ್ತರ. ಒಂದರಲ್ಲಿ ಸೇತುವೆಯ ಮೇಲೆ ಕೊಡೆ ಹಿಡಿದ ಯುವಕ, ಅವನೆದುರು ಹೆಣ್ಣಿನ ರೂಪದಲ್ಲಿ ಬಂದ ಬಿಳಿ ಹಾವು. ಇನ್ನೊಂದರಲ್ಲಿ ಗೋರಿ ಬಿರಿದು ಮೇಲೇಳುತ್ತಿರುವ ಜೋಡಿ ಚಿಟ್ಟೆ. ಮೂರನೆಯದರಲ್ಲಿ ಗಂಡನನ್ನು ಹುಡುಕುತ್ತ ಬಂದವಳ ಕಣ್ಣೀರಿಗೆ ಕುಸಿಯುತ್ತಿರುವ ಮಹಾಗೋಡೆ. ಎಲ್ಲದರ ಮೂಲೆಯಲ್ಲೂ ಫೆಂಗ್ ಗುರುಗಳ ಸಹಿ, ಕೆಂಪು ಮುದ್ರೆ.

"ನಾಲ್ಕನೆಯದು?"

"ದನಗಾಹಿ ಮತ್ತು ನೇಯುವ ಹುಡುಗಿ. ಆಕಾಶದ ಹೊಳೆಯ ಈಚೆ ಅವನು, ಹೆಗಲ ಮೇಲಿನ ಅಡ್ಡೆಯ ಎರಡು ಬುಟ್ಟಿಗಳಲ್ಲಿ ಎರಡು ಮಕ್ಕಳು. ಆಚೆ ಅವಳು. ಮುಂದಿನ ವಾರ ನಾಲ್ಕೂ ನಾಂಚಾಂಗ್‌ನ ಹೋಟೆಲಿಗೆ ಹೋಗಬೇಕು."

"ಸಹಿ ಹಾಕಿದ್ರಾ?"

"ಮುಗಿಯದೆ ಯಾರು ಹಾಕ್ತಾರೆ? ಇನ್ನೂ ಬೆಂಕಿಗೇ ಹೋಗಿಲ್ಲ."

ಪಿಂಗಾಣಿಯ ಊರಾದ ಜಿಂಗ್‌ದೆಝೆನ್‌ನಲ್ಲಿ ಇಷ್ಟು ಹೇಳಿದರೆ ಸಾಕು. ಬಿಳಿ ಫಲಕದ ಮೇಲೆ ಬರೆದ ಬಣ್ಣ ಬೆಂಕಿ ಕಾಣುವವರೆಗೆ ಬರೀ ಪುಡಿ. ಒದ್ದೆ ಹೆಬ್ಬೆರಳು ಸಾಕು, ಮುಖವೇ ಅಳಿಸಿಹೋಗುತ್ತದೆ.

ರುಯಿಲಾನ್ ಮೇಜಿನ ಬಳಿ ಬಗ್ಗಿದಳು. ಬೀಗ ಸರಿಯಾಗಿತ್ತು. ಎಲ್ಲೂ ಬಣ್ಣ ಚೆಲ್ಲಿರಲಿಲ್ಲ. ಸಾಲಾಗಿ ಆರು ಪುಟ್ಟ ಬಟ್ಟಲುಗಳಿದ್ದವು. ಐದರ ಬಾಯಿಗೆ ಪ್ಲಾಸ್ಟಿಕ್ ಹಾಳೆ, ಅದಕ್ಕೊಂದು ರಬ್ಬರ್ ಬ್ಯಾಂಡ್. ಆರನೆಯದರ ಮೇಲೆ ನಾಲ್ಕು ಮಡಿಕೆಯ ಒದ್ದೆ ಬಟ್ಟೆ, ಅದರ ಮೇಲೆ ಬೋರಲು ಹಾಕಿದ ಚಹಾ ಬಟ್ಟಲು. ಎತ್ತಿ ನೋಡಿದಳು. ನುಣ್ಣಗೆ ಅರೆದ ಬಿಳಿ ಹೊದಿಕೆ ಬಣ್ಣ, ಇನ್ನೂ ಹಸಿ. ಅರೆಯುವ ಗಾಜಿನ ಮೇಲೂ ಪಸೆ.

"ಇದನ್ನ ಯಾರು ಅರೆದ್ರು?"

"ನನಗೇನು ಗೊತ್ತು? ನಾನು ಗೆರೆ ಬರೆಯೋನು. ಅದೆಲ್ಲ ಬಣ್ಣದ ಹೆಂಗಸರ ಕೆಲಸ," ಎಂದರು ಗುರುಗಳು.

ಅವರ ಹೆಂಡತಿ ಯೂಮೇ ಚಹಾ ತಂದಿಟ್ಟಳು. ಅರವತ್ತೊಂಬತ್ತರ ಸಣಕಲು ಹೆಂಗಸು.

"ಮಧ್ಯಾಹ್ನ ನೀವೆಲ್ಲಿದ್ರಿ ಅಮ್ಮ?"

"ಹಿತ್ತಲಲ್ಲಿ ಸೊಪ್ಪು ಬಿಡಿಸ್ತಿದ್ದೆ. ಯಾರನ್ನೂ ನೋಡಲಿಲ್ಲ." ಅವಳೇ ಮುಂದುವರಿಸಿದಳು, "ಲಿಂಗ್ ಕದಿಯೋವಳಲ್ಲ."

"ನಿನ್ನ ಕೇಳಿದ್ರಾ?" ಗುರುಗಳು ಗದರಿದರು. "ಓಣಿಗೆಲ್ಲ ಆಗಲೇ ಹೇಳಿ ಬಂದಿದೀನಿ. ಇನ್ನು ಯಾರೂ ಅವಳ ಕೈಗೆ ಕುಂಚ ಕೊಡಲ್ಲ."

ಯೂಮೇ ಚಹಾದ ತಟ್ಟೆಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು.

* * *

ಹಾನ್ ಕೈ ತೊಳೆದುಕೊಂಡು ಒಂದು ಸುದ್ದಿ ತಂದಿದ್ದ. ಮಧ್ಯಾಹ್ನ ಒಂದು ಗಂಟೆಗೆ ಶಾಂಘೈ ವ್ಯಾಪಾರಿ ಶೆನ್ ಇದೇ ಓಣಿಯಲ್ಲಿ ಚಪ್ಪಟೆ ಪೊಟ್ಟಣವೊಂದನ್ನು ಹೊತ್ತು ಹೋಗಿದ್ದನಂತೆ. ಈ ನಾಲ್ಕು ಫಲಕಗಳಿಗಾಗಿ ಗುರುಗಳ ಬೆನ್ನು ಹತ್ತಿದ್ದವನೂ ಅವನೇ.

ಶೆನ್ ವಸತಿಗೃಹದ ಕೋಣೆಯಲ್ಲಿ ಚಪ್ಪಲಿ ಬಿಟ್ಟು ಮಂಚದ ಮೇಲೆ ಕೂತಿದ್ದ. ಕೇಳುವ ಮೊದಲೇ ಪೊಟ್ಟಣ ಬಿಚ್ಚಿದ. ಒಳಗೊಂದು ಹಳೆಯ ಫಲಕ, ಎರಡು ಕೊಕ್ಕರೆ, ಒಂದು ಕಮಲ.

"ಇದನ್ನ ಕೊಂಡಿದ್ದು ಕಣಕ್ಕ, ರಸೀದಿ ಇದೆ. ಸುಡದೇ ಇರೋ ಫಲಕಾನ ಯಾರಾದ್ರೂ ಕದೀತಾರಾ? ರಿಕ್ಷಾ ಎರಡು ಸಲ ಕುಲುಕಿದ್ರೆ ನೇಯೋ ಹುಡುಗಿಗೆ ಮೀಸೆ ಬಂದಿರುತ್ತೆ! ಅದೂ ಸಹಿ ಇಲ್ಲದ್ದು. ಸಹಿ ಇಲ್ಲದ ಫಲಕ ಗೋಡೆಗೆ ಹಾಕೋ ಬಿಲ್ಲೆ, ಅಷ್ಟೇ. ನಾನು ಕಳ್ಳ ಇರಬಹುದು, ದಡ್ಡ ಅಲ್ಲ."

ಹಾನ್ ನಕ್ಕುಬಿಟ್ಟ. ರುಯಿಲಾನ್ ನಗಲಿಲ್ಲ. ಈ ಮಾತು ಸರಿಯಾಗಿತ್ತು. ಮಾರುವುದಕ್ಕೆ ತೆಗೆದುಕೊಂಡವರಾದರೆ ಇನ್ನೊಂದು ವಾರ ಕಾಯುತ್ತಿದ್ದರು.

* * *

ತಾವೊ ಲಿಂಗ್ ಬಾಡಿಗೆಗಿದ್ದ ಕೋಣೆ ಓಣಿಯ ಕೊನೆಯಲ್ಲಿ, ಮಣ್ಣು ಕಲಸುವವರ ಅಂಗಳದ ಹಿಂದೆ. ಮೂವತ್ತಾರು ವರ್ಷ. ಗಂಡನನ್ನು ಬಿಟ್ಟು ಬಂದವಳು. ಆರು ವರ್ಷದ ಮಗಳು ಸರೋವರದಾಚೆಯ ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ಹಾನ್ ಹಾಸಿಗೆ ಎತ್ತಿ ನೋಡುವಾಗ ಲಿಂಗ್ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು.

"ಚೆನ್ನಾಗಿ ಹುಡುಕಿ. ಹಾಸಿಗೆ ಕೆಳಗೆ ಇಟ್ಟು ಅದರ ಮೇಲೆ ಮಲಗಿರ್ತೀನಿ ನೋಡಿ, ಹಸಿ ಬಣ್ಣದ ಫಲಕಾನ."

"ಜಗಳ ಯಾಕೆ ಆಯ್ತು?" ರುಯಿಲಾನ್ ಕೇಳಿದಳು.

"ಎರಡು ಚುಕ್ಕೆಗೆ."

"ಏನು?"

"ಕಣ್ಣಿನ ಎರಡು ಚುಕ್ಕೆ ಅಕ್ಕ. ನೇಯೋ ಹುಡುಗಿ ಹೊಳೆ ಆಚೆಯಿಂದ ಗಂಡನ್ನ ನೋಡ್ತಿರೋ ಹಾಗೆ ಗುರುಗಳು ಬರೆದಿದ್ರು. ಎಲ್ಲರೂ ಹಾಗೇ ಬರೆಯೋದು. ನಾನು ಅದನ್ನ ಒದ್ದೆ ಹತ್ತೀಲಿ ಅಳಿಸಿ, ಬುಟ್ಟೀಲಿರೋ ಮಕ್ಕಳ ಕಡೆ ನೋಡೋ ಹಾಗೆ ಇಟ್ಟೆ." ಅವಳ ದನಿ ಇಳಿಯಿತು. "ಹೊಳೆ ದಾಟಿ ಗಂಡ ಮಕ್ಕಳನ್ನ ನೋಡೋಕೆ ವರ್ಷಕ್ಕೆ ಒಂದು ದಿನ ಸಿಗುತ್ತೆ ಅವಳಿಗೆ. ಮೊದಲು ಯಾರನ್ನ ನೋಡ್ತಾಳೆ, ನೀವೇ ಹೇಳಿ."

ರುಯಿಲಾನ್‌ಗೆ ಮಗಳು ನೆನಪಾದಳು. ಪೊಲೀಸ್ ತರಬೇತಿಗೆ ಹೋದ ವರ್ಷ ಅವಳನ್ನು ಅತ್ತೆಯ ಬಳಿ ಬಿಟ್ಟಿದ್ದಳು. ಬಸ್ಸು ಇಳಿದು ಮನೆ ಹೊಕ್ಕಾಗ ಗಂಡ ಬಾಗಿಲಲ್ಲೇ ನಿಂತಿದ್ದ. ರುಯಿಲಾನ್ ಕಣ್ಣು ಅವನನ್ನು ದಾಟಿ ನೆಲದ ಮೇಲೆ ಮಗುವನ್ನು ಹುಡುಕಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಗುರುಗಳು ಏನಂದ್ರು?"

"ನನ್ನ ಗೆರೆ ಮುಟ್ಟೋಕೆ ನೀನ್ಯಾರು ಅಂದ್ರು. ಅಳಿಸು ಅಂದ್ರು. ಆಗಲ್ಲ ಅಂದೆ. ನಿದ್ದೆ ಮಾಡಿ ಎದ್ದು ನಾನೇ ಒರೆಸ್ತೀನಿ ಅಂದ್ರು. ನಾನು ಚೀಲ ತಗೊಂಡು ಬಂದೆ."

"ಆಗ ಎಲ್ಲ ಬಣ್ಣ ಮುಗಿದಿತ್ತಾ?"

"ಕೂದಲೊಂದು ಬಾಕಿ ಇತ್ತು. ಕಪ್ಪಿನ ಮೇಲೆ ಬಿಳಿ ಹೊದಿಕೆ ಹಾಕಿರಲಿಲ್ಲ. ಅದಿಲ್ಲದೆ ಸುಟ್ಟರೆ ಕಪ್ಪು ನಿಲ್ಲಲ್ಲ, ಉಜ್ಜಿದ್ರೆ ಕೈಗೆ ಬರುತ್ತೆ. ಹೊದಿಕೆ ಬಣ್ಣ ಅರೆದೂ ಇರಲಿಲ್ಲ."

ಹಾನ್ ತಿರುಗಿ ನೋಡಿದ. ರುಯಿಲಾನ್ ಅವನನ್ನು ಕಣ್ಣಲ್ಲೇ ಸುಮ್ಮನಾಗಿಸಿದಳು.

"ಇನ್ನೊಂದು ಮಾತು," ಅಂದಳು. "ಕೆಲಸ ಮುಗಿದ ಮೇಲೆ ಬಟ್ಟಲಿನ ಬಾಯಿಗೆ ಏನು ಮುಚ್ತೀಯ?"

"ಪ್ಲಾಸ್ಟಿಕ್ಕು. ಎಲ್ಲರೂ ಅದನ್ನೇ ಅಲ್ವಾ ಮುಚ್ಚೋದು? ಯಾಕೆ?"

ರುಯಿಲಾನ್ ಬಾಗಿಲ ಕಡೆ ತಿರುಗಿದಳು. ಲಿಂಗ್ ಅಡ್ಡ ಬಂದು ಹೇಳಿದಳು, "ಅಕ್ಕ, ಆಗಲೇ ಎರಡು ಅಂಗಡಿಯವರು ಬಂದು ಅವರ ತಟ್ಟೆಗಳನ್ನ ವಾಪಸ್ ತಗೊಂಡು ಹೋದ್ರು. ನಾವು ಬೇರೆಯವರ ವಸ್ತು ಮನೆಗೆ ತಂದು ಬಣ್ಣ ಹಾಕೋ ಜನ. ಕಳ್ಳಿ ಅನ್ನಿಸಿಕೊಂಡ್ರೆ ನನ್ನ ಕೈಗೆ ಮಣ್ಣಿನ ಲೋಟಾನೂ ಬರಲ್ಲ. ಈ ಚಳಿಗಾಲ ಮಗಳನ್ನ ಇಲ್ಲಿಗೆ ಕರ್ಕೊಂಡು ಬರೋಣ ಅಂತ ಇದ್ದೆ."

* * *

ಹೊರಗೆ ಬಂದ ಕೂಡಲೇ ಹಾನ್ ಬಾಯಿ ಬಿಟ್ಟ. "ಸಿಕ್ಕಿಬಿದ್ದಳಲ್ಲಕ್ಕ! ಹೊದಿಕೆ ಬಣ್ಣ ಅರೆದು, ಕೂದಲು ಮುಗಿಸಿ, ಎತ್ಕೊಂಡು ಹೋಗಿರೋದು ಬಣ್ಣದ ಕೆಲಸ ಗೊತ್ತಿರೋ ಕೈ. ಅವಳ ಹತ್ರ ಬೀಗದ ಕೈ ಇದೆ, ಸಿಟ್ಟೂ ಇದೆ."

"ಮುಗಿಸಿ ಎಲ್ಲಿಗೆ ಹೋದಳು?"

"ಎಲ್ಲಿಗೆ?"

"ಕೂದಲಿಗೆ ಹೊದಿಕೆ ಹಾಕೋದು ಯಾಕೆ ಹಾನ್? ಸುಡೋದಕ್ಕೆ. ನಡಿ."

ಸ್ವಂತ ಗೂಡಿಲ್ಲದವರು ಬಾಡಿಗೆ ಕೊಟ್ಟು ಪಿಂಗಾಣಿ ಸುಡಿಸುವ ಗೂಡುಗಳು ಆ ಸುತ್ತಿನಲ್ಲಿ ಮೂರಿದ್ದವು. ಮೊದಲೆರಡರಲ್ಲಿ ಏನೂ ಸಿಗಲಿಲ್ಲ. ಮೂರನೆಯದು ದಪ್ಪ ಮಾ ಎಂದು ಎಲ್ಲರೂ ಕರೆಯುವ ಹೆಂಗಸಿನದು. ಐದು ಗಂಟೆಯಾಗಿತ್ತು. ಗೂಡಿನ ಕಬ್ಬಿಣದ ಬಾಗಿಲು ಮುಚ್ಚಿ, ಒಳಗೆ ಗ್ಯಾಸ್ ಉರಿ ಗುಂಯ್‌ಗುಡುತ್ತಿತ್ತು.

"ಎರಡಡಿ ಫಲಕ? ಬಂತು," ಅಂದಳು ಮಾ. "ನಾನು ಊಟಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಕಟ್ಟೆ ಮೇಲೆ ಹಲಗೆ, ಹಲಗೆ ಮೇಲೆ ಫಲಕ. ಮೇಲಿನ ಬಟ್ಟೆ ಬಣ್ಣಕ್ಕೆ ತಾಗಬಾರದು ಅಂತ ನಾಲ್ಕು ಮೂಲೆಗೆ ಮಣ್ಣಿನ ಉಂಡೆ ಇಟ್ಟಿದ್ರು. ಬಾಡಿಗೆ ಪಕ್ಕದಲ್ಲೇ ಇತ್ತು. ಹೆಸರು ಬರೆದಿರಲಿಲ್ಲ. ಮರೆತಿರ್ತಾರೆ ಅಂತ ಒಳಗಿಟ್ಟೆ."

"ಯಾರು ತಂದಿದ್ದು ಅಂತ ಓಣೀಲಿ ಯಾರೂ ನೋಡಿಲ್ವಾ?"

"ಹಲಗೆ ಹೊತ್ತವರನ್ನ ಈ ಊರಲ್ಲಿ ಯಾರು ನೋಡ್ತಾರೆ? ಬರಿಗೈಲಿ ಬಂದಿದ್ರೆ ನೋಡ್ತಿದ್ರು."

"ಬಾಗಿಲು ತೆಗಿ," ಅಂದ ಹಾನ್.

ಮಾ ಅವನನ್ನು ಮೇಲಿಂದ ಕೆಳಗೆ ಅಳೆದಳು. "ನಿನ್ನ ತಲೆ ಒಳಗಿಡ್ತೀಯ? ಬೆಂಕಿ ಹಚ್ಚಿ ಎರಡು ಗಂಟೆ ಆಯ್ತು. ಈಗ ಆರಿಸಿದ್ರೆ ಐವತ್ತು ಜನರ ಬಣ್ಣ ಅರ್ಧ ಬೆಂದು ಹಾಳಾಗುತ್ತೆ. ನಾಳೆ ಬೆಳಿಗ್ಗೆ ಎಂಟೂವರೆ. ಅದಕ್ಕೆ ಮೊದಲು ಬೀಜಿಂಗ್‌ನಿಂದ ಫೋನ್ ಬಂದ್ರೂ ತೆಗೆಯಲ್ಲ."

ರುಯಿಲಾನ್ ಗೂಡಿನ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಳು. ಕೆನ್ನೆಗೆ ಕಾವು ತಾಗುತ್ತಿತ್ತು. ಯಾರು ಎಂದು ಅವಳಿಗೆ ಗೊತ್ತಾಗಿತ್ತು. ಈಗಲೇ ಹೇಳಿದರೆ ಗುರುಗಳು ಓಡಿಬಂದು ಇಲ್ಲಿ ರಂಪ ಮಾಡುತ್ತಾರೆ. ಹೇಳದಿದ್ದರೆ ಲಿಂಗ್ ಬೆಳಗಿನ ತನಕ ಕಳ್ಳಿಯಾಗಿರುತ್ತಾಳೆ.

ತಾನು ಬರುವ ತನಕ ಬಾಗಿಲು ತೆರೆಯದಂತೆ ಗೂಡಿನ ಕಟ್ಟೆಗೆ ಪೊಲೀಸ್ ಚೀಟಿ ಅಂಟಿಸಿ, ರುಯಿಲಾನ್ ಮತ್ತೆ ಲಿಂಗ್ ಕೋಣೆಗೆ ಹೋದಳು.

"ಫಲಕ ಸಿಕ್ತು. ತಗೊಂಡವರು ನೀನಲ್ಲ ಅಂತಾನೂ ಗೊತ್ತಾಯ್ತು. ಬೆಳಿಗ್ಗೆ ಮಾ ಗೂಡಿನ ಹತ್ರ ಬಾ."

"ಯಾರು?"

"ನಾಳೆ ಹೇಳ್ತೀನಿ."

"ಇವತ್ತು ಯಾಕಾಗಲ್ಲ?" ಲಿಂಗ್ ಅವಳನ್ನೇ ದಿಟ್ಟಿಸಿದಳು. "ಆಗ್ಲಿ ಬಿಡಿ. ಒಂದು ರಾತ್ರಿ ಜಾಸ್ತಿ ಕಳ್ಳಿ ಆಗಿದ್ರೆ ನಿಮಗೇನು ನಷ್ಟ."

ರುಯಿಲಾನ್ ಮೂವತ್ತು ವರ್ಷದ ನೌಕರಿಯಲ್ಲಿ ಬೈಗುಳ ಬೇಕಾದಷ್ಟು ಕೇಳಿದ್ದಳು. ಇದು ಬೈಗುಳವಾಗಿರಲಿಲ್ಲ.

* * *

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಗೂಡಿನ ಅಂಗಳದಲ್ಲಿದ್ದರು. ಗುರುಗಳು ಬಿದಿರಿನ ಕುರ್ಚಿಯಲ್ಲಿ, ಯೂಮೇ ಅವರ ಹಿಂದೆ. ಲಿಂಗ್ ದೂರದ ಕಂಬಕ್ಕೆ ಒರಗಿದ್ದಳು. ಮಾ ಗೂಡಿನ ಕಾವು ತೋರಿಸುವ ಮುಳ್ಳನ್ನು ನೋಡುತ್ತಿದ್ದಳು.

"ಇನ್ನೂ ಅರ್ಧ ಗಂಟೆ," ಅಂದಳು.

"ಅಷ್ಟರಲ್ಲಿ ನಾನು ಹೇಳಿಬಿಡ್ತೀನಿ," ಅಂದಳು ರುಯಿಲಾನ್. "ಗುರುಗಳೇ, ಇದು ಮಾರೋದಕ್ಕೆ ಮಾಡಿದ ಕಳ್ಳತನ ಅಲ್ಲ. ಸುಡದ, ಸಹಿ ಇಲ್ಲದ ಫಲಕ ಯಾರಿಗೂ ಬೇಡ. ತಗೊಂಡವರು ಮೊದಲು ಕೂತು ಕೂದಲಿನ ಕೆಲಸ ಮುಗಿಸಿದ್ದಾರೆ. ಆಮೇಲೆ ಸುಡೋಕೆ ತಂದಿದ್ದಾರೆ. ಸುಟ್ಟ ಮೇಲೆ ಯಾರೂ ಒರೆಸೋಕಾಗಲ್ಲ. ಅವರಿಗೆ ಬೇಕಾಗಿದ್ದು ಅಷ್ಟೇ."

"ಅದನ್ನೇ ನಾನೂ ಹೇಳ್ತಿರೋದು! ಲಿಂಗ್!"

"ನಾನೂ ಒಂದು ಗಳಿಗೆ ಹಾಗೇ ಅಂದುಕೊಂಡೆ. ಆದ್ರೆ ಬಟ್ಟಲುಗಳನ್ನ ನೋಡಿದ್ರಾ ನೀವು? ಲಿಂಗ್ ಮುಚ್ಚಿದ ಐದಕ್ಕೂ ಪ್ಲಾಸ್ಟಿಕ್. ಆರನೇದಕ್ಕೆ ಒದ್ದೆ ಬಟ್ಟೆ, ಮೇಲೆ ಬೋರಲು ಬಟ್ಟಲು. ನಮ್ಮಮ್ಮ ಹಳೇ ಕಾರ್ಖಾನೆಯ ಬಣ್ಣದ ಕೋಣೇಲಿ ಇಪ್ಪತ್ತಾರು ವರ್ಷ ಇದ್ದಳು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಬಿದ್ದಿರ್ತಿದ್ದೆ. ಆಗ ಪ್ಲಾಸ್ಟಿಕ್ ಎಲ್ಲಿತ್ತು? ಬಣ್ಣ ಒಣಗೋಕೆ ಬಿಟ್ಟರೆ ಎಲ್ಲರೆದುರು ಬೈಗುಳ. ಸಂಜೆ ಗಂಟೆ ಹೊಡೆದ ಕೂಡಲೇ ನೂರು ಹೆಂಗಸರು ನೂರು ಬಟ್ಟೆ ಒದ್ದೆ ಮಾಡಿ, ನೂರು ಬಟ್ಟಲು ಬೋರಲು ಹಾಕ್ತಿದ್ರು. ಫಲಕ ಕದ್ದು ಓಡೋ ಅವಸರದಲ್ಲೂ ಆ ಕೈ ಬಣ್ಣ ಒಣಗೋಕೆ ಬಿಡಲಿಲ್ಲ. ಬಿಟ್ಟಿದ್ರೆ ನನಗೇನೂ ಗೊತ್ತಾಗ್ತಿರಲಿಲ್ಲ. ಆ ಕಾಲದ ಬಣ್ಣದ ಕೈ ನಿಮ್ಮ ಮನೇಲಿ ಒಂದೇ ಇರೋದು."

ಗುರುಗಳು ನಿಧಾನವಾಗಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು.

"ನೀನಾ?"

"ನಾನೇ," ಅಂದಳು ಯೂಮೇ.

"ಮನೇಲಿ ನನ್ನ ಪಕ್ಕದಲ್ಲೇ ಇದ್ದೆ. ಇಡೀ ದಿನ!"

"ಈ ಮುದುಕನಿಗೆ ಹೇಳಿದ್ರೆ ಗೂಡಿಗೇ ನುಗ್ತಿದ್ದ," ಯೂಮೇ ರುಯಿಲಾನ್ ಕಡೆ ತಿರುಗಿ ಹೇಳಿದಳು. "ನನಗೆ ಒಂದು ದಿನ ಬೇಕಿತ್ತಮ್ಮ. ಒಂದೇ ದಿನ. ನಲವತ್ತು ವರ್ಷ ಆ ನೇಯೋ ಹುಡುಗಿಗೆ ಬಣ್ಣ ತುಂಬಿದೀನಿ. ಎಷ್ಟು ಸಾವಿರ ಅಂತ ಲೆಕ್ಕ ಇಲ್ಲ. ಎಲ್ಲದರಲ್ಲೂ ಅವಳು ಗಂಡನ್ನೇ ನೋಡ್ತಿರ್ತಾಳೆ. ಅದು ನಿಜಾನಾ ಅಂತ ನನಗೆ ಯಾವತ್ತೂ ಅನುಮಾನ ಇತ್ತು."

ಹಾನ್ ಕೆಮ್ಮಿ ಮುಖ ಆಚೆ ತಿರುಗಿಸಿದ.

"ಹೆರಿಗೆ ಆಗಿ ಐವತ್ತಾರನೇ ದಿನಕ್ಕೆ ಕಾರ್ಖಾನೆಗೆ ವಾಪಸ್ ಹೋದೆ. ಮಗೂನ ಸರೋವರದಾಚೆ ನಮ್ಮಮ್ಮನ ಹತ್ರ ಬಿಟ್ಟೆ. ಎಂಟು ವರ್ಷ ಆದ್ಮೇಲೆ ಕರ್ಕೊಂಡು ಬಂದ್ರೆ ನನ್ನನ್ನ ಚಿಕ್ಕಮ್ಮ ಅಂದಳು. ಈಗಲೂ ಹಬ್ಬಕ್ಕೆ ಫೋನ್ ಮಾಡ್ತಾಳೆ, ಚೆನ್ನಾಗೇ ಮಾತಾಡ್ತಾಳೆ. ಚಿಕ್ಕಮ್ಮನ ಹತ್ರ ಮಾತಾಡೋ ಹಾಗೆ." ಯೂಮೇ ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿನ್ನೆ ಚಹಾ ಕೊಡೋಕೆ ಹೋದಾಗ ಆ ಮುಖ ನೋಡಿದೆ. ಅವಳು ಬುಟ್ಟಿ ನೋಡ್ತಿದ್ದಳು. ಇವರು ಎದ್ದ ಮೇಲೆ ಒರೆಸ್ತೀನಿ ಅಂತ ಹೇಳಿ ಮಲಗಿದ್ರು. ಗೊರಕೆ ಶುರುವಾಯ್ತು. ಕೂತು ಕೂದಲು ಮುಗಿಸಿದೆ."

"ತೆಗೀಲಾ?" ಮಾ ಕೇಳಿದಳು. ರುಯಿಲಾನ್ ತಲೆಯಾಡಿಸಿದಳು.

ಬಾಗಿಲು ತೆರೆಯಿತು. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮಾ ದಪ್ಪ ಕೈಗವಸು ಹಾಕಿ ಫಲಕವನ್ನು ಹೊರತೆಗೆದು ಇಟ್ಟಿಗೆಗಳ ಮೇಲಿಟ್ಟಳು. ನಿನ್ನೆ ಬೂದಿಯ ಹಾಗಿದ್ದ ಬಣ್ಣಗಳೆಲ್ಲ ಎದ್ದು ಕೂತಿದ್ದವು. ಹೊಳೆಯ ತಿಳಿಹಸಿರು, ಬುಟ್ಟಿಯೊಳಗಿನ ಎರಡು ಕೆಂಪು ಅಂಗಿ, ಒದ್ದೆಯಾದಂತೆ ಮಿರುಗುವ ಕಪ್ಪು ಕೂದಲು. ಕೂದಲಿನ ಕೆಳಗೆ ಆ ಎರಡು ಚುಕ್ಕೆ.

ಗುರುಗಳು ಕನ್ನಡಕ ಹಾಕಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ನಾನು ಬರೆದಿದ್ದಕ್ಕಿಂತ ಚೆನ್ನಾಗಿದೆ ಅಂತ ಮಾತ್ರ ಹೇಳಲ್ಲ."

"ಯಾರೂ ಕೇಳಲಿಲ್ಲ," ಅಂದಳು ಯೂಮೇ.

ಅವಳು ಅಂಗಳ ದಾಟಿ ಲಿಂಗ್ ಇದ್ದಲ್ಲಿಗೆ ಹೋದಳು. "ಬಾ, ನೋಡು. ಕಪ್ಪು ಚೆನ್ನಾಗಿ ನಿಂತಿದೆ."

ಲಿಂಗ್ ಕದಲಲಿಲ್ಲ. "ಅಮ್ಮಾ, ನೀವು ಚಿತ್ರ ಉಳಿಸಿದ್ರಿ. ನನ್ನನ್ನ ಬಿಟ್ರಿ."

"ಒಂದು ದಿನ ಅಂತ..."

"ಅವಳು ಬಣ್ಣ. ನಾನು ಮನುಷ್ಯಳು. ನಿಮ್ಮನೆ ಬಾಗಿಲಲ್ಲಿ ನಿಂತು, ಅವಳಲ್ಲ ಅಂತ ಒಂದು ಮಾತು ಕೂಗಿ ಹೇಳಿದ್ರೆ ಸಾಕಿತ್ತು. ಯಾರು ಅಂತ ಹೇಳೋದು ಬೇಕಿರಲಿಲ್ಲ."

ಲಿಂಗ್ ಫಲಕದ ಕಡೆ ಒಮ್ಮೆಯೂ ನೋಡದೆ ಹೊರಟುಹೋದಳು.

ಹಾನ್ ಪುಸ್ತಕ ತೆರೆದ. "ಏನಂತ ಬರೀಲಿ ಅಕ್ಕ?"

"ಮನೆಯ ವಸ್ತು, ಮನೆಯವರೇ ಗೂಡಿಗೆ ಕೊಟ್ಟಿದ್ದರು. ಕಳ್ಳತನ ನಡೆದಿಲ್ಲ." ರುಯಿಲಾನ್ ಗುರುಗಳ ಮುಂದೆ ಬಂದು ನಿಂತು ಅವರ ಕಿವಿಗೆ ಕೇಳುವಷ್ಟು ಜೋರಾಗಿ ಹೇಳಿದಳು, "ಆದ್ರೆ ಓಣಿಗೆಲ್ಲ ಹೇಳಿ ಬಂದಿರೋದನ್ನ ನನ್ನ ಪುಸ್ತಕದಿಂದ ಅಳಿಸೋಕಾಗಲ್ಲ ಗುರುಗಳೇ. ಅದು ಆಗಲೇ ಬೆಂದುಹೋಗಿದೆ. ಏನು ಮಾಡಬೇಕು ಅನ್ನೋದು ಈ ಊರಲ್ಲಿ ಹುಟ್ಟಿದ ನಿಮಗೆ ಗೊತ್ತು."

* * *

ಹನ್ನೊಂದು ಗಂಟೆಗೆ, ಓಣಿಯ ತುಂಬ ಜನ ಓಡಾಡುವ ಹೊತ್ತಿಗೆ, ಫೆಂಗ್ ಗುರುಗಳು ಬರಿದಲೆಯಲ್ಲಿ ನಡೆದು ಬಂದರು. ಕೈಯಲ್ಲಿ ಉದ್ದನೆಯ ಬಿದಿರು ಗಳು, ಅದರ ತುದಿಯಿಂದ ಇಳಿಬಿದ್ದ ಕೆಂಪು ಪಟಾಕಿ ಸರ. ತಪ್ಪು ಹೊರಿಸಿದವರು ಹೊರಿಸಿಕೊಂಡವರ ಬಾಗಿಲಲ್ಲಿ ಹಗಲು ಹೊತ್ತು ಪಟಾಕಿ ಸುಡಬೇಕು. ಹಳಬರ ಕಟ್ಟಳೆ ಅದು. ಹಾಗೆ ಮಾಡಿದವರನ್ನು ಓಣಿ ಬಹಳ ವರ್ಷಗಳಿಂದ ನೋಡಿರಲಿಲ್ಲ.

ಲಿಂಗ್ ಕೋಣೆಯ ಬಾಗಿಲು ಮುಚ್ಚಿತ್ತು.

"ಕೊಡಿ, ಹಚ್ಚೋದು ನಾನು," ಅಂದಳು ಯೂಮೇ. "ಬಾಯಿ ಮುಚ್ಚಿಕೊಂಡಿದ್ದವಳು ನಾನು."

ಗಾಳಿಗೆ ಎರಡು ಕಡ್ಡಿ ಆರಿಹೋದವು. ಮೂರನೆಯದು ಹತ್ತಿತು. ಓಣಿಯೆಲ್ಲ ಸದ್ದು, ಹೊಗೆ. ಮಣ್ಣು ಕಲಸುವವರು ಕೈ ತೊಳೆಯದೆ ಓಡಿಬಂದರು. ತಟ್ಟೆ ಹೊತ್ತವರು ಹಲಗೆ ಇಳಿಸಿ ನಿಂತರು.

"ಏನ್ರೀ, ಮದುವೆನಾ?" ಯಾರೋ ಕೂಗಿದರು.

ಗುರುಗಳು ಸದ್ದು ಪೂರ್ತಿ ಅಡಗುವವರೆಗೆ ಕಾದರು. "ಮದುವೆ ಅಲ್ಲ! ತಾವೊ ಲಿಂಗ್ ಏನೂ ಕದ್ದಿಲ್ಲ! ನಾನು ಸುಳ್ಳು ಹೇಳಿದೆ!" ಎಂದರು. ಕಿವಿ ಮಂದವಿದ್ದವರ ದನಿ. ಓಣಿಯ ಆ ತುದಿಗೂ ಕೇಳಿತು.

"ನಾನು ಗೊತ್ತಿದ್ದೂ ಸುಮ್ಮನಿದ್ದೆ," ಅಂದಳು ಯೂಮೇ. ಅವಳ ದನಿ ಹತ್ತಿರದವರಿಗಷ್ಟೇ ಕೇಳಿತು. ಅದಕ್ಕೆ ಇನ್ನೊಮ್ಮೆ ಕೂಗಿ ಹೇಳಿದಳು.

ಬಾಗಿಲು ಹಾಗೆಯೇ ಇತ್ತು. ಜನ ನಿಂತೇ ಇದ್ದರು. ಎದುರಿನ ಜಗುಲಿಯ ಮೇಲೆ ರುಯಿಲಾನ್ ಕೂಡ ಕಾಯುತ್ತಿದ್ದಳು. ಮನೆಯ ಮಾಲೀಕನ ಹೆಂಡತಿ ಮಾತ್ರ, ಏನಾದರೊಂದು ಮಾಡಬೇಕಲ್ಲ ಎಂಬಂತೆ, ಪೊರಕೆ ತಂದು ಬಾಗಿಲ ಮುಂದಿನ ಕೆಂಪು ಕಾಗದದ ಚೂರುಗಳನ್ನು ಗುಡಿಸತೊಡಗಿದಳು.

ಚಿಲಕ ಸರಿದ ಸದ್ದಾಯಿತು. ಲಿಂಗ್ ಹೊಸ್ತಿಲಲ್ಲಿ ನಿಂತಿದ್ದಳು, ಕಣ್ಣು ಊದಿತ್ತು. ಗುರುಗಳನ್ನು ನೋಡಿದಳು, ಯೂಮೇಯನ್ನು ನೋಡಿದಳು, ಆಮೇಲೆ ತಟ್ಟೆ ವಾಪಸು ಕೊಂಡುಹೋಗಿದ್ದ ಅಂಗಡಿಯವರಿಬ್ಬರನ್ನು.

"ಗುಡಿಸಬೇಡಿ ಅತ್ತೆ," ಅಂದಳು. "ಸಂಜೆವರೆಗೂ ಬಿದ್ದಿರಲಿ. ಎಲ್ಲರೂ ನೋಡಲಿ, ತುಳಿದುಕೊಂಡೇ ಹೋಗಲಿ."